‘ಪರ್ಮಿಷನ್ ಸಮೇತ’ ಪೇಂಟಿಂಗ್ ಟೂರ್ ಅಂದ್ರೆ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಬೆಂಗಳೂರಿಗೆ ಬಂದು ಪೇಟೆ ಬೀದಿ, ಹಳೇ ಕಟ್ಟಡದ ಮುಂದೆ ಕೂತು ಪೇಂಟ್ ಮಾಡ್ಬೇಕು ಅನ್ನೋ ಆಸೆ ಇರೋರಿಗೆ ಬರೀತಿದೀನಿ. ಇನ್‌ಸ್ಟಾಗ್ರಾಮಲ್ಲಿ ವೀಕೆಂಡ್ ಟೂರ್ ಅಂತ ಜಾಹೀರಾತು ಬರುತ್ತೆ, ಹೇಳಿಕೊಡೋರು ಇರ್ತಾರೆ, ಆರ್ಟಿಸ್ಟ್ ಗ್ರೇಡ್ ಕಿಟ್ (ಕಲಾವಿದರು ಬಳಸೋ ಒಳ್ಳೆ ಗುಣಮಟ್ಟದ ಬಣ್ಣ, ಪೇಪರ್) ಕೊಡ್ತೀವಿ, ಎಲ್ಲಾ ಕಡೆ ಪರ್ಮಿಷನ್ ನಮ್ಮ ಜವಾಬ್ದಾರಿ ಅಂತ. ಅಂಥದ್ದೊಂದಕ್ಕೆ ನಾನು, ಧಾರವಾಡದಿಂದ ಬಂದಿದ್ದ ನಮ್ಮ ಚಿಕ್ಕಮ್ಮನ ಮಗಳು ಇಬ್ರೂ ತಲಾ ಆರೂವರೆ ಸಾವಿರ ಮುಂಗಡ ಕಟ್ಟಿದ್ವಿ. ಪೂರ್ತಿ ಮೋಸ.

ಕೆ.ಆರ್. ಮಾರ್ಕೆಟ್ ಅಂದ್ರೆ ಬೆಳಕು ಹರಿಯೋ ಹೊತ್ತಿಗೆ ಹೋಗ್ಬೇಕು, ಮೇಲಿನ ಮಹಡಿಯಿಂದ ಕೆಳಗೆ ನೋಡಿದ್ರೆ ಚೆಂಡು ಹೂವು, ಸೇವಂತಿಗೆ ರಾಶಿ ಕಾಣುತ್ತೆ, ಬಣ್ಣ ಹಚ್ಚೋರಿಗೆ ಬೇಕಾಗಿರೋದೇ ಅದು. ಈ ಟೂರ್ ನಡೆಸೋನು ನಮ್ಮನ್ನ ಕರ್ಕೊಂಡು ಹೋಗಿದ್ದು ಹನ್ನೊಂದು ಗಂಟೆಗೆ, ನೆತ್ತಿ ಮೇಲೆ ಬಿಸಿಲು, ನೆರಳೇ ಇಲ್ಲ, ಕೂರ್ಸಿದ್ದು ಮೂಟೆ ಹೊತ್ತೋರು ಓಡಾಡೋ ದಾರೀಲಿ, ಆಮೇಲೆ ಕಾಫಿ ಕುಡ್ಕೊಂಡು ಬರ್ತೀನಿ ಅಂತ ಹೋದೋನು ಪತ್ತೆ ಇಲ್ಲ. ಹೂ ಮಾರೋ ಅಮ್ಮ ಬಂದು “ಯಾಪಾರದ ಹೊತ್ತಲ್ಲಿ ಹಿಂಗೆ ಅಡ್ಡ ಕೂತ್ರೆ ನಾವೇನ್ ಮಾಡದವ್ವಾ, ಒಸಿ ಅತ್ಲಾಗೋಗಿ” ಅಂದ್ರು. ಅವರು ಹೇಳಿದ್ದು ನ್ಯಾಯವೇ. ಬೀದಿ ಚಿತ್ರ ಮಾಡೋರು ಬೀದೀಲಿ ದುಡಿಯೋರ ಹೊಟ್ಟೆ ಮೇಲೆ ಹೊಡೀಬಾರ್ದು, ಈ ಮಾತನ್ನ ನಮಗೆ ಮೊದಲೇ ಹೇಳ್ಬೇಕಾಗಿದ್ದೋನು ಅವನೇ.

ಕಿಟ್ ಕಥೆ ಕೇಳಿ. 300 ಜಿಎಸ್‌ಎಂ ಕಾಟನ್ ಪೇಪರ್, ಅಂದ್ರೆ ಹತ್ತಿಯಿಂದ ಮಾಡಿದ ದಪ್ಪ ಹಾಳೆ, ಅಂತ ಬರೆದಿದ್ರು, ಎರಡನೇ ವಾಶ್ (ನೀರು ಬೆರೆಸಿದ ಬಣ್ಣದ ತೆಳು ಪದರ) ಹಾಕ್ತಿದ್ದಂಗೆ ಮೇಲ್ಪದರ ಎದ್ದು ಬ್ರಷ್‌ಗೆ ಸಣ್ಣ ಸಣ್ಣ ಉಂಡೆಯಾಗಿ ಅಂಟ್ಕೊಳ್ತು, ಹಾಳೆ ಅಂಚೆಲ್ಲಾ ಸುರುಳಿ ಸುತ್ತ್ಕೊಳ್ತು. ಟ್ಯೂಬ್ ಮೇಲೆ ಬೇರೆ ಲೇಬಲ್ ಅಂಟಿಸಿದ್ರು, ಒಳಗಿರೋ ಬಣ್ಣದ ಪುಡಿ ಯಾವ್ದು ಅಂತ ಹೇಳೋ ಪಿಗ್ಮೆಂಟ್ ನಂಬರ್ರೇ ಇಲ್ಲ. ಒಳ್ಳೆ ಬಣ್ಣದ ಮೇಲೆ ಅದು ಇದ್ದೇ ಇರುತ್ತೆ, ಅಲ್ಟ್ರಾಮರೀನ್ ಆದ್ರೆ ಪಿಬಿ 29, ಯೆಲ್ಲೋ ಓಕರ್ ಆದ್ರೆ ಪಿವೈ 43 ಇಲ್ಲಾ ಪಿವೈ 42. ನಂಬರ್ ಇಲ್ಲ ಅಂದ್ರೆ ಒಳಗೆ ಏನಿದೆ, ಎಷ್ಟು ದಿನಕ್ಕೆ ಮಾಸುತ್ತೆ ಯಾವ್ದೂ ಗೊತ್ತಾಗಲ್ಲ.

ಮಾರನೇ ದಿನ ಅಠಾರಾ ಕಚೇರಿ. 1868ರ ಹೊತ್ತಿಗೆ ಕಟ್ಟಿ ಮುಗಿಸಿದ ಆ ಕೆಂಪು ಕಟ್ಟಡ, ಈಗ ಹೈಕೋರ್ಟ್, ಅದನ್ನ ನೋಡಿ ಬರೆಯೋಕೆ ಅಂತಾನೇ ನಮ್ಮ ಹುಡುಗಿ ಅಷ್ಟು ದೂರದಿಂದ ಬಂದಿದ್ದು. ಈಸಲ್ (ಚಿತ್ರ ಬಿಡಿಸೋಕೆ ಹಾಳೆ ಇಡೋ ಸ್ಟ್ಯಾಂಡ್) ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಪೊಲೀಸ್‌ನವ್ರು ಬಂದು ಲೆಟರ್ ಕೇಳಿದ್ರು. ಅವರದ್ದೇನೂ ತಪ್ಪಿಲ್ಲ, ಎದುರಿಗೇ ವಿಧಾನಸೌಧ, ಸೆಕ್ಯುರಿಟಿ ಇದ್ದೇ ಇರುತ್ತೆ. ಟೂರ್‌ನೋನು ವಾಟ್ಸಾಪಲ್ಲಿ ಕಳಿಸಿದ್ದ ಪಿಡಿಎಫ್ ತೋರ್ಸಿದ್ವಿ, ಅದರಲ್ಲಿ ಒಂದು ಸೀಲ್ ಬಿಟ್ರೆ ಪತ್ರದ ಸಂಖ್ಯೆ ಇಲ್ಲ, ದಿನಾಂಕ ಇಲ್ಲ, ಸಹಿ ಮಾಡಿದೋರ ಹುದ್ದೆ ಇಲ್ಲ. ಅವನಿಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್. ಅವಳು ಅರ್ಧ ಬಣ್ಣ ಹಚ್ಚಿದ ಹಾಳೆ ಹಿಡ್ಕೊಂಡು ಎಲ್ಲರ ಮುಂದೆ ಕಳ್ಳರ ಥರ ನಿಂತ್ಕೋಬೇಕಾಯ್ತಲ್ಲ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ರೀಫಂಡ್ ಕೇಳಿದ್ದಕ್ಕೆ ನನ್ನ ನಂಬರ್ ಬ್ಲಾಕ್ ಮಾಡ್ದ.

ಯಾರಾದ್ರೂ ಪರ್ಮಿಷನ್ ಅಂದ್ರೆ ದುಡ್ಡು ಹಾಕೋ ಮುಂಚೆ ಪತ್ರದ ಕಾಪಿ ಕೇಳಿ, ಯಾವ ಆಫೀಸು ಕೊಟ್ಟಿದೆಯೋ ಅಲ್ಲಿಗೇ ಫೋನ್ ಮಾಡಿ ವಿಚಾರಿಸ್ಕೊಳ್ಳಿ. ಯಾವ ಜಾಗಕ್ಕೆ ಎಷ್ಟು ಗಂಟೆಗೆ ಅಂತ ಬರವಣಿಗೇಲಿ ತಗೊಳ್ಳಿ, ಪೂರ್ತಿ ಮುಂಗಡ ಕೊಡ್ಬೇಡಿ, ಪೇಪರ್ ಬಣ್ಣ ನಿಮ್ಮದೇ ತಗೊಂಡು ಹೋಗಿ. ಈಗಾಗ್ಲೇ ಕಟ್ಟಿ ಕಳ್ಕೊಂಡಿರೋರು ಜಾಹೀರಾತಿನ ಸ್ಕ್ರೀನ್‌ಶಾಟ್, ಯುಪಿಐ ರಸೀದಿ, ಚಾಟ್ ಯಾವ್ದನ್ನೂ ಅಳಿಸ್ಬೇಡಿ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ನಾವು ಕೊಟ್ಟಿದೀವಿ.