ಸಿಂಗಪುರದಲ್ಲಿ ಎರಡು ರಾತ್ರಿ: ಮರೀನಾ ಬೇನಾ, ಲಿಟಲ್ ಇಂಡಿಯಾನಾ?

ಆಫೀಸ್ ಕೆಲಸಕ್ಕೆ ಎರಡೇ ದಿನ, ಎಲ್ಲಿ ಉಳಿಯಲಿ ಅಂತ ಕೇಳಿದ್ದೀರಿ. ಮೊದಲು ದುಡ್ಡಿನ ಮಾತು. ಮರೀನಾ ಬೇ ಕಡೆಯ ದೊಡ್ಡ ಹೋಟೆಲಿನ ದರದ ಪಕ್ಕ ಎರಡು ಪ್ಲಸ್ ಗುರುತಿದ್ದರೆ ಹುಷಾರು. 10% ಸರ್ವಿಸ್ ಚಾರ್ಜ್, ಅದರ ಮೇಲೆ 9% ಜಿಎಸ್‌ಟಿ ಸೇರುತ್ತದೆ. 300 ಸಿಂಗಪುರ ಡಾಲರ್ ಅಂದುಕೊಂಡ ರೂಮಿಗೆ ಬಿಲ್ ಸುಮಾರು 360 ಆಗುತ್ತದೆ. ಲಿಟಲ್ ಇಂಡಿಯಾದ ಸಣ್ಣ ಹೋಟೆಲುಗಳು ಎಷ್ಟೋ ಅಗ್ಗ. ಆದರೆ ರೂಮು ಇಕ್ಕಟ್ಟು, ಕೆಲವಕ್ಕೆ ಕಿಟಕಿಯೇ ಇರುವುದಿಲ್ಲ. ಬುಕ್ ಮಾಡುವ ಮುಂಚೆ ಅದನ್ನು ಖಂಡಿತ ನೋಡಿ.

ಓಡಾಟದಲ್ಲಿ ಜಾಸ್ತಿ ವ್ಯತ್ಯಾಸವಿಲ್ಲ. ಲಿಟಲ್ ಇಂಡಿಯಾದಲ್ಲಿ ಡೌನ್‌ಟೌನ್ ಲೈನ್ ಮೆಟ್ರೋ ಹತ್ತಿದರೆ ನಾಲ್ಕನೇ ಸ್ಟೇಷನ್ನೇ ಮರೀನಾ ಬೇ ಕಡೆಯ ಬೇಫ್ರಂಟ್.

ನೀವು ಸಸ್ಯಾಹಾರಿಯಾ? ಹಾಗಾದರೆ ನನ್ನ ಮನಸ್ಸು ಲಿಟಲ್ ಇಂಡಿಯಾ ಕಡೆಗೇ. ದಿನವಿಡೀ ಮೀಟಿಂಗ್ ಮುಗಿಸಿ ಬಂದಾಗ ಸೆರಂಗೂನ್ ರಸ್ತೆಯಲ್ಲಿ ಬಿಸಿ ದೋಸೆ ಸಿಗುತ್ತದೆ. ಅಲ್ಲಿನ ಸಸ್ಯಾಹಾರಿ ಊಟದ ಹೋಟೆಲ್ ಕೋಮಲ ವಿಲಾಸ್ 1947ರಿಂದ ಇದೆ.

ಆದರೆ ಕ್ಲೈಂಟ್ ನಿಮ್ಮ ಹೋಟೆಲಿಗೇ ಬರುವುದಿದ್ದರೆ ಮರೀನಾ ಬೇ ವಾಸಿ. ಕೂತು ಮಾತಾಡಲು ಲಾಬಿ ಇರುತ್ತದೆ, ಶರ್ಟ್ ಇಸ್ತ್ರಿಗೆ ಕೊಡಬಹುದು. ಕಂಪನಿಯೇ ದುಡ್ಡು ಕೊಡುವುದಾದರೆ ಯೋಚನೆಯೇ ಬೇಡ, ಅಲ್ವಾ?

ಒಂದೇ ರಾತ್ರಿ, ಮರುದಿನ ಬೆಳಗಿನ ಜಾವ ವಿಮಾನ ಅಂದರೆ ಇವೆರಡೂ ಬೇಡ. ಚಾಂಗಿ ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್‌ಗೆ ಅಂಟಿಕೊಂಡೇ ಕ್ರೌನ್ ಪ್ಲಾಜಾ ಹೋಟೆಲ್ ಇದೆ.