ಏಕತಾರಿಗೆ ಪೀಜೋ ಬಿಲ್ಲೆಯೋ, ಗಿಟಾರಿನ ಪಿಕಪ್ಪೋ?

ಮನೆಯಲ್ಲೇ ಏಕತಾರಿಯನ್ನೋ ತಂಬೂರಿಯನ್ನೋ ಮಾಡಿ ಅದನ್ನು ಆಂಪ್ಲಿಫೈಯರಿಗೆ ಜೋಡಿಸಬೇಕೆಂದಿರುವವರು, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಕಾಂತೀಯ ಪಿಕಪ್ಪಿಗೆ ಹಣ ಹಾಕುವ ಮೊದಲು, ಮರದ ಅದುರನ್ನು ವಿದ್ಯುತ್ತಾಗಿಸುವ 20 ರೂಪಾಯಿಯ ಪೀಜೋ ಬಿಲ್ಲೆಯೊಂದನ್ನು ಅಂಟಿಸಿ ನೋಡುವುದು ಒಳ್ಳೆಯದು. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದೆ. 650 ರೂಪಾಯಿ ಕೊಟ್ಟು ತಂದ ಪಿಕಪ್ ಈಗ ಮೇಜಿನ ಖಾನೆಯಲ್ಲಿದೆ.

ನಮ್ಮ ಕರಾವಳಿಯ ಜನಪದ ವಾದ್ಯಗಳಲ್ಲಿ ಡೋಲು, ತಾಸೆ, ತೆಂಬರೆ, ದುಡಿಗಳಂಥ ಚರ್ಮವಾದ್ಯಗಳದೇ ಮೇಲುಗೈ. ತಂತಿವಾದ್ಯಕ್ಕೆ ಘಟ್ಟದ ಮೇಲಿನ ತತ್ವಪದದವರ ಕಡೆ ನೋಡಬೇಕಾಗುತ್ತದೆ. ಉಡುಪಿಯ ನಮ್ಮ ಭಜನಾ ಮಂಡಳಿಗಾಗಿ ನಾನು ಯೋಜಿಸಿದ್ದು ಎರಡು ವಾದ್ಯಗಳನ್ನು: ತೆಂಗಿನ ಗೆರಟೆಗೆ ಬಿದಿರಿನ ದಂಡಿ ಸಿಕ್ಕಿಸಿದ ಏಕತಾರಿ ಒಂದು, ಬುರುಡೆಯೇ ಇಲ್ಲದೆ ಬರೀ ಹಲಸಿನ ಹಲಗೆಯಲ್ಲಿ ಮಾಡಿದ, ಹೆಗಲಿಗೆ ನೇತುಹಾಕಿಕೊಳ್ಳಬಹುದಾದ ನಾಲ್ಕು ತಂತಿಯ ತಂಬೂರಿ ಇನ್ನೊಂದು. ಶ್ರುತಿಪೆಟ್ಟಿಗೆ ಇರುವಾಗ ಇದೆಲ್ಲ ಏಕೆಂದು ಮನೆಯಲ್ಲೂ ಕೇಳಿದರು. ಬೆರಳಿಗೆ ಕೆಲಸವಿಲ್ಲದ ಶ್ರುತಿ ನನಗೆ ಹಿಡಿಸುವುದಿಲ್ಲ ಎಂಬುದಷ್ಟೇ ಉತ್ತರ.

ಕಾಂತೀಯ ಪಿಕಪ್ ಎಂದರೆ ಅಯಸ್ಕಾಂತಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದು ಸುರುಳಿ. ಅದರ ಮುಂದೆ ಉಕ್ಕಿನ ತಂತಿ ಕಂಪಿಸಿದಾಗ ಮಾತ್ರ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಈ ‘ಮಾತ್ರ’ ಎಂಬ ಮಾತನ್ನು ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಲಗೆಯಲ್ಲಿ ಉಳಿಯಿಂದ ಗುಳಿ ತೋಡಿ, ಪಿಕಪ್ ಕೂರಿಸಿ, ನಾಲ್ಕೂ ತಂತಿಗಳನ್ನು ಮೀಟಿದಾಗ ಮೂರು ಕೇಳಿಸಿದವು. ಮಂದ್ರ ಷಡ್ಜಕ್ಕೆಂದು ಕಟ್ಟಿದ್ದ ಹಿತ್ತಾಳೆಯ ತಂತಿ ಕಣ್ಣೆದುರೇ ಅದುರುತ್ತಿದ್ದರೂ ಸ್ಪೀಕರಿನಲ್ಲಿ ಉಸಿರೆತ್ತಲಿಲ್ಲ. ಅದನ್ನೂ ಉಕ್ಕಿಗೆ ಬದಲಾಯಿಸಿದೆ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ನಾಲ್ಕೂ ತಂತಿಗಳನ್ನು ಬೆರಳಿನಿಂದ ಸವರಿದರೆ ಕಂದು ಪುಡಿ ಅಂಟುತ್ತಿತ್ತು. ಕಡಲಿನಿಂದ ಮೂರು ಮೈಲಿಯೊಳಗೆ ಇರುವವರಿಗೆ ಹಿತ್ತಾಳೆ ತಂತಿಯನ್ನು ಕೈಬಿಡಿಸುವ ಪಿಕಪ್ ಅಷ್ಟೇನೂ ಹಿತವಲ್ಲ. ಹಿತ್ತಾಳೆ ಕಪ್ಪಾಗಬಹುದು, ಆದರೆ ತುಕ್ಕು ಹಿಡಿಯುವುದಿಲ್ಲ.

ಅದಕ್ಕಿಂತ ಮುಖ್ಯವಾದ ಆಕ್ಷೇಪವೆಂದರೆ, ಕಾಂತೀಯ ಪಿಕಪ್ಪಿಗೆ ಕೇಳಿಸುವುದು ತಂತಿ. ಗೆರಟೆ, ದಂಡಿ, ತಂತಿಯನ್ನು ಹೊರುವ ಕುದುರೆ ಇವುಗಳ ದನಿ ಅದಕ್ಕೆ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಆದ್ದರಿಂದ ತಂಬೂರಿ ಮೀಟಿದರೂ ಹೊರಗೆ ಬರುವುದು ಗಿಟಾರಿನ ಗುಣವೇ. ಒಂದೇ ಸುರುಳಿಯ ಪಿಕಪ್ ಸುತ್ತಲಿನ ವಿದ್ಯುತ್ತಿನ ಸದ್ದನ್ನೂ ಹಿಡಿಯುವುದರಿಂದ, ಮಂದಿರದಲ್ಲಿ ನವರಾತ್ರಿಗೆ ಸೀರಿಯಲ್ ಸೆಟ್ ಹಾಕಿದ ದಿನ ಅದು ಶ್ರುತಿಗಿಂತ ಜೋರಾಗಿ ‘ಗೊಂಯ್’ ಎಂದಿತು.

ಇನ್ನು ನನ್ನ ಮೆಚ್ಚಿನ ಪೀಜೋ ಬಿಲ್ಲೆಯ ವಿಷಯ. 27 ಮಿಲಿಮೀಟರ್ ಅಗಲದ ಹಿತ್ತಾಳೆಯ ಬಿಲ್ಲೆ, ಅದರ ಮೇಲೊಂದು ಬಿಳಿಯ ಸೆರಾಮಿಕ್ ಪದರ. ಮರ ಅದುರಿದಂತೆ ಅದೂ ಅದುರಿ ವಿದ್ಯುತ್ ಕೊಡುತ್ತದೆ, ತಂತಿ ಯಾವ ಲೋಹದ್ದೆಂದು ಕೇಳುವುದಿಲ್ಲ. ಅದನ್ನು ಕುದುರೆಯ ಕಾಲಡಿ ಅಂಟಿಸಿ, ತಂತಿಗೂ ಕುದುರೆಗೂ ನಡುವೆ ಹತ್ತಿಯ ಎಳೆ ಸಿಕ್ಕಿಸಿ, ಬಹಳ ಆಸೆಯಿಂದ ಮಂದಿರದ ಮಿಕ್ಸರಿಗೆ ಜೋಡಿಸಿದೆ. ಮೈಕ್‌ಸೆಟ್ ನೋಡಿಕೊಳ್ಳುವವರು ತಲೆಯೆತ್ತಿ, “ಇದೆಂಥದು ಮಾರಾಯ್ರೇ, ಸೊಳ್ಳೆ ಹಾರಿದ ಹಾಗೆ ಕೇಳ್ತದಲ್ಲ” ಎಂದರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ.

ಮುಂದಿನ ಎರಡು ವಾರ ನಾನು ಎಲ್ಲವನ್ನೂ ದೂರಿದೆ. ಅಂಟು ಸರಿಯಿಲ್ಲವೆಂದು ಕಿತ್ತು ಬೇರೆ ಅಂಟು ಹಾಕಿದೆ. ಕುದುರೆ ದಪ್ಪವಾಯಿತೆಂದು ಕೆತ್ತಿದೆ. ಬಿಲ್ಲೆಯೇ ಕಳಪೆಯೆಂದು ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಇನ್ನೂ ಮೂರು ತಂದೆ. ಕೊನೆಗೆ ಪಕ್ಕದ ಮನೆಯ ಹುಡುಗನ ಗಿಟಾರ್ ಆಂಪ್ಲಿಫೈಯರಿಗೆ ಸುಮ್ಮನೆ ಚುಚ್ಚಿ ನೋಡಿದಾಗ ಅದೇ ಬಿಲ್ಲೆ, ಅದೇ ಅಂಟು, ಅದೇ ಕುದುರೆ ಜಗಲಿ ತುಂಬುವಂತೆ ಝೇಂಕರಿಸಿತು. ತಪ್ಪು ಮರದಲ್ಲಿರಲಿಲ್ಲ, ಮಿಕ್ಸರ್ ಮತ್ತು ಬಿಲ್ಲೆಯ ಹೊಂದಾಣಿಕೆಯಲ್ಲಿತ್ತು.

ಲೆಕ್ಕ ಹೀಗಿದೆ. ಪೀಜೋ ಬಿಲ್ಲೆ ವಿದ್ಯುತ್ತಿನ ಕಣ್ಣಿಗೆ ಸುಮಾರು 20 ನ್ಯಾನೋಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್. ಅದನ್ನು ಮಿಕ್ಸರಿನ 10 ಕಿಲೋ ಓಮ್‌ನ ಲೈನ್ ಇನ್‌ಪುಟ್ಟಿಗೆ ನೇರವಾಗಿ ಜೋಡಿಸಿದರೆ, ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನ ನಾದವೆಲ್ಲ ಇಳಿದಷ್ಟೂ ಸೊರಗುತ್ತ ಹೋಗುತ್ತದೆ. ನಮ್ಮ ಏಕತಾರಿಯ ಶ್ರುತಿ ಸುಮಾರು 139 ಹರ್ಟ್ಸ್. ಅಂದರೆ ಮೂಲಸ್ವರವೂ ಅದರ ಮೇಲಿನ ನಾಲ್ಕು ಉಪಸ್ವರಗಳೂ ಆ ಗೆರೆಯ ಕೆಳಗೇ ಬಿದ್ದು ಸೊರಗುತ್ತವೆ, ಉಳಿಯುವುದು ಸೊಳ್ಳೆ. ಗಿಟಾರ್ ಆಂಪ್ಲಿಫೈಯರಿನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾ ಓಮ್ ಇರುವುದರಿಂದ ಅದೇ ಗೆರೆ 8 ಹರ್ಟ್ಸ್‌ಗೆ ಇಳಿಯುತ್ತದೆ. ಅಲ್ಲಿ ಕಳೆದುಕೊಳ್ಳಲು ನಮ್ಮದೇನೂ ಇಲ್ಲ.

ಪರಿಹಾರವಾಗಿ ಬಿಲ್ಲೆಗೂ ಜ್ಯಾಕಿಗೂ ನಡುವೆ, ಬಿಲ್ಲೆಯ ದನಿಯನ್ನು ಸೊರಗಲು ಬಿಡದೆ ಮಿಕ್ಸರಿಗೆ ದಾಟಿಸುವ ಪುಟ್ಟ ಸರ್ಕ್ಯೂಟನ್ನು, ಅಂದರೆ ಟಿಎಲ್ 072 ಐಸಿಯ ಒಂದು ಬಫರನ್ನು ಕಟ್ಟಿದೆ: ಇನ್‌ಪುಟ್ಟಿಗೆ 1 ಮೆಗಾ ಓಮ್, ಅರ್ಧ ವೋಲ್ಟೇಜಿಗೆ ಎರಡು 100 ಕಿಲೋ ಓಮ್ ರೆಸಿಸ್ಟರುಗಳು, 9 ವೋಲ್ಟಿನ ಬ್ಯಾಟರಿ. ಸಾಮಾನಿಗೆ 120 ರೂಪಾಯಿ ಆಯಿತು. ಬಫರನ್ನು ವಾದ್ಯದೊಳಗೇ, ಬಿಲ್ಲೆಗೆ ಆದಷ್ಟು ಹತ್ತಿರ ಇಟ್ಟರೆ ಉದ್ದನೆಯ ಕೇಬಲ್ಲಿನ ಗೊಣಗಾಟವೂ ಕಡಿಮೆ. ಸ್ಟೀರಿಯೋ ಜ್ಯಾಕ್ ಹಾಕಿ, ಪಿನ್ ತೆಗೆದ ಕೂಡಲೇ ಬ್ಯಾಟರಿ ಕಡಿಯುವಂತೆ ಮಾಡಿಕೊಳ್ಳಿ. ನಾನು ಮಾಡಿರಲಿಲ್ಲ, ಮುಂದಿನ ಶನಿವಾರದ ಭಜನೆಗೆ ಬ್ಯಾಟರಿ ಸತ್ತಿತ್ತು.

ಬೆಸುಗೆಯ ಬಗ್ಗೆ ಒಂದು ಮಾತು: ಬಿಳಿ ಪದರದ ಮೇಲಿನ ಬೆಳ್ಳಿಯ ಲೇಪಕ್ಕೆ ಕಾದ ಕಡ್ಡಿಯನ್ನು ಎರಡು ಕ್ಷಣಕ್ಕಿಂತ ಹೆಚ್ಚು ಒತ್ತಿದರೆ ಅದು ಕಿತ್ತು ಬರುತ್ತದೆ, ಆದ್ದರಿಂದ ವೈರ್ ಸಮೇತ ಬರುವ ಬಿಲ್ಲೆಯನ್ನೇ ಕೊಳ್ಳುವುದು ಲೇಸು. ಹೊರಗಿನ ವಿದ್ಯುತ್ತಿನ ಸದ್ದು ತಡೆಯಲು ಬಿಲ್ಲೆಗೆ ತಾಮ್ರದ ಹಾಳೆಯ ಹೊದಿಕೆ ಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗೆ ಬೆಸುಗೆ ಕೂರುವುದಿಲ್ಲ.

ಗೆರಟೆಯೊಳಗೆ ಪುಟ್ಟ ಕಂಡೆನ್ಸರ್ ಮೈಕ್ ಇಟ್ಟೂ ನೋಡಿದೆ. ಮೂರರಲ್ಲಿ ಅತಿ ಸಹಜವಾದ ದನಿ ಅದರದೇ, ಆದರೆ ತಾಳ, ಹಾರ್ಮೋನಿಯಂ, ಪಕ್ಕದಲ್ಲಿ ಕುಳಿತವರ ಕೆಮ್ಮು ಎಲ್ಲವೂ ಅದರಲ್ಲಿ ಸೇರುತ್ತವೆ, ವಾಲ್ಯೂಮ್ ಏರಿಸಿದರೆ ಕಿರುಚುತ್ತದೆ. ಒಬ್ಬರೇ ಕುಳಿತು ರೆಕಾರ್ಡ್ ಮಾಡುವವರಿಗೆ ಸರಿ.

ಪೀಜೋ ಕೂಡ ನಿರ್ದೋಷಿಯಲ್ಲ. ದಂಡಿಗೆ ಉಂಗುರ ತಾಗಿದರೂ ಹೆಗಲಪಟ್ಟಿ ಉಜ್ಜಿದರೂ ಸ್ಪೀಕರಿನಲ್ಲಿ ಬಾಗಿಲು ಬಡಿದಂತಾಗುತ್ತದೆ, ಮತ್ತು ಮೇಕೆಯ ಚರ್ಮ ಬಿಗಿದ ಗೆರಟೆಗೆ ಅಂಟಿಸಿದಾಗ ಅದೂ ಮೈಕಿನಂತೆಯೇ ಕಿರುಚಿತು. ಚರ್ಮದ ಬದಲು ತೆಳುಹಲಗೆ ಹಾಕಿದ ಮೇಲೆ ಅದು ನಿಂತಿತು. ಹೇಗೂ ಆಟಿ ತಿಂಗಳ ಮಳೆಗೆ ಚರ್ಮ ಸಡಿಲವಾಗುತ್ತಿತ್ತು.

ವಾರಕ್ಕೊಮ್ಮೆ ಭಜನೆಯಲ್ಲಿ ಕುಳಿತು ಶ್ರುತಿ ಹಿಡಿಯುವ, ಒಂದು ವಾದ್ಯಕ್ಕೆ 200 ರೂಪಾಯಿಗಿಂತ ಹೆಚ್ಚು ಸುರಿಯಲು ಮನಸ್ಸಿಲ್ಲದ ನನ್ನಂಥವನಿಗೆ ಬಫರ್ ಸಹಿತ ಪೀಜೋವೇ ಸಾಕು. ಖಾನೆಯಲ್ಲಿರುವ ಪಿಕಪ್ಪನ್ನು ಮಾತ್ರ ಮಾರಿಲ್ಲ. ಮುಂದೆ ಕಿನ್ನರಿ ಜೋಗಿಗಳ ಮೂರು ಬುರುಡೆಯ ಕಿನ್ನರಿಯ ಮಾದರಿಯಲ್ಲಿ ಒಂದನ್ನು ಮಾಡುವ ಯೋಜನೆಯಿದೆ. ಅದರಲ್ಲಿ ಮೆಟ್ಟಿಲುಗಳ ಮೇಲೆ ಬೆರಳಾಡಿಸಿ ರಾಗ ನುಡಿಸುವುದರಿಂದ ಬೆರಳಿನ ಸದ್ದನ್ನು ಬಿಟ್ಟು ತಂತಿಯನ್ನಷ್ಟೇ ಹಿಡಿಯುವ ಕಿವಿ ಬೇಕಾದೀತು, ಉಕ್ಕಿನ ತಂತಿಗೆ ವಾರಕ್ಕೊಮ್ಮೆ ತೆಂಗಿನೆಣ್ಣೆ ಸವರುವ ಕೆಲಸ ಹೆಗಲಿಗೆ ಬಿದ್ದರೂ ಸರಿಯೇ.