ಅಂತರರಾಷ್ಟ್ರೀಯ ಸಂಬಂಧಗಳ ಸ್ನಾತಕೋತ್ತರ ಕೋರ್ಸ್: ಧರ್ಮದ ಪತ್ರಿಕೆಗಾಗಿಯಾದರೂ ಓದಬೇಕು

ಅಂತರರಾಷ್ಟ್ರೀಯ ಸಂಬಂಧಗಳ ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನು ಮುಗಿಸಿದವಳಾಗಿ, ಅದಕ್ಕೆ ಸೇರಬೇಕೆಂದಿರುವವರಿಗೆ ಮೊದಲು ಹೇಳಬೇಕಾದದ್ದು ಇದು: ಇಡೀ ಕೋರ್ಸಿನಲ್ಲಿ ಅತ್ಯಂತ ಬೆಲೆಯುಳ್ಳದ್ದು ‘ಜಾಗತಿಕ ರಾಜಕೀಯದಲ್ಲಿ ಧರ್ಮ’ ಎಂಬ ಪತ್ರಿಕೆ, ಅದನ್ನೇ ಐಚ್ಛಿಕವಾಗಿಸಿ ಕೊನೆಯ ಸೆಮಿಸ್ಟರಿಗೆ ತಳ್ಳಲಾಗಿದೆ.

ಮೊದಲ ವರ್ಷದ ಸಿದ್ಧಾಂತದ ಪಾಠಗಳು ಚೆನ್ನಾಗಿವೆ. ರಾಷ್ಟ್ರಗಳ ನಡುವೆ ಬಲವೇ ಮುಖ್ಯವೆನ್ನುವ ವಾಸ್ತವವಾದ, ಸಹಕಾರ ಸಾಧ್ಯವೆನ್ನುವ ಉದಾರವಾದ, ವಿಚಾರ, ಗುರುತುಗಳಿಗೆ ಒತ್ತು ಕೊಡುವ ರಚನಾವಾದಗಳನ್ನು ಮೂಲ ಬರಹಗಳನ್ನೇ ಓದಿಸಿ ಕಲಿಸುತ್ತಾರೆ. ಆದರೆ ಯೂರೋಪಿನ ಮೂವತ್ತು ವರ್ಷಗಳ ಯುದ್ಧವನ್ನು ಮುಗಿಸಿದ 1648ರ ವೆಸ್ಟ್‌ಫೇಲಿಯಾ ಒಪ್ಪಂದಗಳೊಂದಿಗೆ ಧರ್ಮವು ರಾಜಕೀಯದಿಂದ ಹೊರಬಿದ್ದಿತು ಎಂಬ ಹಳೆಯ ಕಥೆಯನ್ನು ಪ್ರಶ್ನಿಸದೆ ದಾಟಿಬಿಡುತ್ತಾರೆ. ಅದೇ ಒಪ್ಪಂದಗಳು ಕ್ಯಾಥೊಲಿಕ್, ಲೂಥರನ್, ಕ್ಯಾಲ್ವಿನಿಸ್ಟ್ ಪಂಗಡಗಳ ಹಕ್ಕುಗಳನ್ನು ವಿವರವಾಗಿ ಗೊತ್ತುಪಡಿಸಿದ್ದವು ಎಂಬುದು ನಮಗೆ ತಿಳಿದದ್ದು ಧರ್ಮದ ಪತ್ರಿಕೆಗೆ ಬಂದ ಮೇಲೆ. ರಾಷ್ಟ್ರಗಳ ನಡವಳಿಕೆಯನ್ನು ಬಲದ ಹಂಚಿಕೆಯಿಂದ ವಿವರಿಸಿದ ಅಮೆರಿಕದ ವಿದ್ವಾಂಸ ಕೆನೆತ್ ವಾಲ್ಟ್ಸ್ ಅವರ ಪ್ರಸಿದ್ಧ ಗ್ರಂಥ ಪ್ರಕಟವಾದದ್ದೂ, ಇರಾನಿನಲ್ಲಿ ಧರ್ಮಗುರುಗಳ ಮುಂದಾಳತ್ವದ ಕ್ರಾಂತಿಯಲ್ಲಿ ದೊರೆ ಶಾ ಆಡಳಿತ ಉರುಳಿದ್ದೂ ಒಂದೇ ವರ್ಷ, 1979ರಲ್ಲಿ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಮೊದಲ ವರ್ಷದಲ್ಲೇ ಆಗಬೇಕಿತ್ತು.

ಮುಂದಿನ ಘರ್ಷಣೆಗಳು ಮುಖ್ಯವಾಗಿ ನಾಗರಿಕತೆಗಳ ನಡುವೆ ನಡೆಯುತ್ತವೆ ಎಂದು ಅಮೆರಿಕದ ರಾಜಕೀಯಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್‌ಟನ್ 1993ರಲ್ಲಿ ಮುಂದಿಟ್ಟ ನಾಗರಿಕತೆಗಳ ಸಂಘರ್ಷದ ವಾದವನ್ನೂ ಅದಕ್ಕೆ ಪ್ಯಾಲೆಸ್ತೀನಿ ಮೂಲದ ವಿದ್ವಾಂಸ ಎಡ್ವರ್ಡ್ ಸಯೀದ್ ಒಡ್ಡಿದ ಆಕ್ಷೇಪವನ್ನೂ ಬೇಗ ಮುಗಿಸಿದ ಪ್ರಾಧ್ಯಾಪಕರು, ಧಾರ್ಮಿಕ ಸಂಸ್ಥೆಗಳು ರಾಜತಂತ್ರದಲ್ಲಿ ನಿಜವಾಗಿ ಏನು ಮಾಡಿವೆ ಎಂಬುದಕ್ಕೆ ಹೆಚ್ಚಿನ ಸಮಯ ಕೊಟ್ಟರು. ನನ್ನ ಮನಸ್ಸಿನಲ್ಲಿ ಉಳಿದದ್ದು ಅಂತರ್ಯುದ್ಧದಲ್ಲಿ ನಲುಗಿದ್ದ ಆಫ್ರಿಕಾದ ದೇಶ ಮೊಜಾಂಬಿಕ್. ಸಂತ್ ಎಜಿಡಿಯೊ ಎಂಬ ರೋಮಿನ ಕ್ಯಾಥೊಲಿಕ್ ಸಮುದಾಯವು 1990ರಲ್ಲಿ ಅಲ್ಲಿನ ಸರ್ಕಾರವನ್ನೂ ರೆನಾಮೊ ಬಂಡುಕೋರರನ್ನೂ ಮಾತುಕತೆಗೆ ಕೂರಿಸಿತು. 1992ರ ಅಕ್ಟೋಬರ್ 4ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಆ ಮಾತುಕತೆಯನ್ನು ನಾವು ತರಗತಿಯಲ್ಲಿ ನಡೆಸಿ ನೋಡಿದೆವು. ಸರ್ಕಾರದ ಪಾತ್ರ ವಹಿಸಿದವರು ರೆನಾಮೊವನ್ನು ಸಮಾನ ಪಕ್ಷವೆಂದು ಒಪ್ಪುವುದಿಲ್ಲವೆಂದು ಪಟ್ಟು ಹಿಡಿದರು. ಮಧ್ಯಸ್ಥರಾಗಿದ್ದ ನಮ್ಮ ಬಳಿ ಬೆದರಿಸಲು ಸೈನ್ಯವೂ ಇರಲಿಲ್ಲ, ಒಲಿಸಲು ಹಣವೂ ಇರಲಿಲ್ಲ. ಅಂಥ ಮಧ್ಯಸ್ಥರ ಮಾತಿಗೆ ಎರಡೂ ಕಡೆಯವರು ಏಕೆ ಕಿವಿಗೊಟ್ಟರು ಎಂಬುದಕ್ಕೆ ಬಲದ ಲೆಕ್ಕಾಚಾರವೊಂದೇ ಉತ್ತರವಾಗಲಾರದು. ಹಾಗೆಂದು ಎಲ್ಲ ಶ್ರೇಯವನ್ನೂ ಧರ್ಮಕ್ಕೆ ಕೊಡಲು ಹೊರಟವರನ್ನು ಪ್ರಾಧ್ಯಾಪಕರು ತಡೆದು, ದೇಶವನ್ನು ಹಣ್ಣುಮಾಡಿದ್ದ ಬರಗಾಲವನ್ನೂ ಶೀತಲ ಸಮರ ಮುಗಿದು ಬತ್ತಿದ ಹೊರಗಿನ ಬೆಂಬಲವನ್ನೂ ಲೆಕ್ಕಕ್ಕೆ ಹಿಡಿಯುವಂತೆ ಹೇಳಿದರು. ಧರ್ಮವನ್ನು ಹೊಗಳದೆ, ತೆಗಳದೆ, ಉಳಿದ ಕಾರಣಗಳೊಡನೆ ಇಟ್ಟು ತೂಗುವ ಈ ಶಿಸ್ತನ್ನು ಬೇರಾವ ಪತ್ರಿಕೆಯೂ ನನಗೆ ಇಷ್ಟು ಚೆನ್ನಾಗಿ ಕಲಿಸಲಿಲ್ಲ.

ಕೊರತೆಗಳೂ ಇವೆ. ಓದಬೇಕಾದ ಬರಹಗಳ ಪಟ್ಟಿ ಕ್ರೈಸ್ತ ಯೂರೋಪು ಮತ್ತು ಪಶ್ಚಿಮ ಏಷ್ಯಾದ ಇಸ್ಲಾಂ ಕಡೆಗೆ ವಾಲಿದೆ. ಶ್ರೀಲಂಕಾ, ಮ್ಯಾನ್ಮಾರ್‌ಗಳ ಬೌದ್ಧ ರಾಷ್ಟ್ರೀಯತೆಯನ್ನು ಒಂದೇ ತರಗತಿಯಲ್ಲಿ ಮುಗಿಸಿಬಿಟ್ಟರು. ಒಂದು ನಿರ್ಧಾರದ ಹಿಂದೆ ನಂಬಿಕೆ ಎಷ್ಟು, ಹಿತಾಸಕ್ತಿ ಎಷ್ಟು ಎಂದು ಬಿಡಿಸಿ ತೋರಿಸುವುದು ಹೇಗೆಂಬ ಪ್ರಶ್ನೆ ಪ್ರಬಂಧ ಬರೆಯುವಾಗ ಬಹಳವಾಗಿ ಕಾಡುತ್ತದೆ. ಸಂಶೋಧನಾ ವಿಧಾನದ ಪಾಠವಾದರೋ ಅಂಕಿಅಂಶಗಳಲ್ಲೇ ಮುಗಿಯುತ್ತದೆ. ಗ್ರಂಥಾಲಯ, ಜರ್ನಲ್‌ಗಳ ಸೌಲಭ್ಯಕ್ಕೆ ಕೊರತೆಯಿಲ್ಲ.

ರಾಜತಾಂತ್ರಿಕ ಸೇವೆ, ಮಾನವೀಯ ನೆರವು, ಪತ್ರಿಕೋದ್ಯಮಗಳತ್ತ ಹೋಗುವವರು ಈ ಪತ್ರಿಕೆಯನ್ನು ಖಂಡಿತ ಬಿಡಬಾರದು. ಆಯ್ದುಕೊಳ್ಳುವವರು ಕಡಿಮೆಯಾದರೆ ಐಚ್ಛಿಕ ಪತ್ರಿಕೆಯನ್ನು ಆ ವರ್ಷ ಕೈಬಿಡುವುದುಂಟು. ಆದ್ದರಿಂದ ಅದು ನಡೆಯುತ್ತದೆಯೇ, ಕಲಿಸುವವರು ಯಾರು ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿಭಾಗದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.